ಮಲಿಕ್-ಎ-ಮೈದಾನ್ ಕಲಿಸುವ ಲೆಕ್ಕ

ಇಟ್ಟಂಗಿಹಾಳ, ತಿಕೋಟಾ ಕಡೆಯ ನಮ್ಮ ಕುಟುಂಬಗಳು ವಿಜಯಪುರಕ್ಕೆ ಬಂದಾಗ ಮಕ್ಕಳಿಗೆ ಪಶ್ಚಿಮ ಕೋಟೆಗೋಡೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ತೋರಿಸುವುದುಂಟು. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಇದನ್ನು ಎರಕ ಹೊಯ್ದರು. ತೂಕ ಸುಮಾರು 55 ಟನ್. ಆದಿಲ್‌ಶಾಹಿ ಕಾಲದಲ್ಲಿ ಪರಾಂಡಾ ಕೋಟೆಯಿಂದ ಇದನ್ನು ಇಲ್ಲಿಗೆ ಎಳೆದು ತರಲು 10 ಆನೆ, 400 ಎತ್ತು ಬೇಕಾದವೆಂಬ ಹೇಳಿಕೆಯಿದೆ.

ತೋಪು ಇಷ್ಟು ಭಾರವೇಕೆ? ಉತ್ತರ ‘ಸಂವೇಗ’ದಲ್ಲಿದೆ. ವಸ್ತುವಿನ ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ. 400 ಕಿಲೋ ಕಲ್ಲುಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹಾರಿತೆನ್ನೋಣ. ಅದರ ಸಂವೇಗ 60,000. ಅಷ್ಟೇ ಸಂವೇಗ ತೋಪನ್ನು ಹಿಂದಕ್ಕೆ ತಳ್ಳುತ್ತದೆ. 55 ಟನ್ ತೋಪು ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಹಿಂದೆ ಸರಿಯುತ್ತದೆ. ತೋಪು 5 ಟನ್ನಿನದಾಗಿದ್ದರೆ 12 ಮೀಟರ್ ವೇಗದಲ್ಲಿ ಹಿಂದಿದ್ದವರ ಮೇಲೆಯೇ ನುಗ್ಗುತ್ತಿತ್ತು.

ಈ ವಿಚಾರದ ಬೇರು ಹಳೆಯದು. ಎಸೆದ ಕಲ್ಲು ಕೈಬಿಟ್ಟ ಮೇಲೂ ಏಕೆ ಚಲಿಸುತ್ತದೆಂದು ಇಬ್ನ್ ಸೀನಾ (980–1037) ಕೇಳಿಕೊಂಡರು. ಎಸೆದವನು ಕಲ್ಲಿಗೆ ‘ಮೈಲ್’ ಎಂಬ ಒಲವನ್ನು ಕೊಡುತ್ತಾನೆ, ಗಾಳಿಯಂಥ ಅಡ್ಡಿ ಇಲ್ಲದಿದ್ದರೆ ಅದು ತಾನಾಗಿ ಸವೆಯುವುದಿಲ್ಲ ಎಂದರು. 14ನೇ ಶತಮಾನದಲ್ಲಿ ಪ್ಯಾರಿಸಿನ ಬುರಿಡಾನ್ ಇಂಥದೇ ಚಿಂತನೆಯಲ್ಲಿ ವಸ್ತುವಿನ ಪ್ರಮಾಣ, ವೇಗ ಎರಡನ್ನೂ ಎಣಿಕೆಗೆ ತಂದರು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮರುವರ್ಷವೇ, 1687ರಲ್ಲಿ, ನ್ಯೂಟನ್ನರ ಗ್ರಂಥ ಈ ಲೆಕ್ಕಕ್ಕೆ ಖಚಿತ ನಿಯಮ ಕೊಟ್ಟಿತು.

ತೋಪು ಸುಮ್ಮನಾಯಿತು, ನಿಯಮ ಮಾತ್ರ ನಮ್ಮ ರಸ್ತೆಯಲ್ಲಿ ದಿನವೂ ನಡೆಯುತ್ತಿದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಸಮೇತ 15 ಟನ್ ಇದ್ದು ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ಹೊರಟರೆ ಸಂವೇಗ 75,000. ಮೂವರು ಹುಡುಗರು ಕುಳಿತ ಬೈಕ್ 300 ಕಿಲೋ ಇದ್ದು ಗಂಟೆಗೆ 72 ಕಿಲೋಮೀಟರ್ ಓಡಿದರೆ 6,000. ಟ್ರ್ಯಾಕ್ಟರ್ ನಿಧಾನ ಕಂಡರೂ ಬೈಕಿನ ಹನ್ನೆರಡು ಪಟ್ಟಿಗೂ ಮೀರಿದ ಸಂವೇಗ ಅದರಲ್ಲಿದೆ. ಚಾಲಕ ಮನಸ್ಸು ಮಾಡಿದರೂ ಅದು ಥಟ್ಟನೆ ನಿಲ್ಲದು. ಅದರ ಮುಂದೆ ನುಸುಳುವುದು ಜಾಣತನವಲ್ಲ.

ಇನ್ನೊಂದು ಮಾತು. ಅದೇ ಬೈಕ್ 36ರಲ್ಲಿ ಹೋದರೆ ಸಂವೇಗ 3,000. ವೇಗ ಇಮ್ಮಡಿಯಾದರೆ ಸಂವೇಗವೂ ಇಮ್ಮಡಿ. ಅದೇ ಬ್ರೇಕಿನ ಬಲಕ್ಕೆ ನಿಲ್ಲಿಸಲು ಎರಡು ಪಟ್ಟು ಸಮಯ, ನಾಲ್ಕು ಪಟ್ಟು ದೂರ ಬೇಕು. ಜುಮಾಗೆ ತಡವಾಯಿತೆಂದು ಬೈಕ್ ಕಿಕ್ ಹೊಡೆಯುವ ಮಗನಿಗೆ ನಾವು ಮನೆಯಲ್ಲೇ ಈ ಲೆಕ್ಕ ಹೇಳಿಕೊಡೋಣ. ಹತ್ತು ನಿಮಿಷ ಮೊದಲೇ ಹೊರಡಿಸೋಣ. ಅವನು ಕ್ಷೇಮವಾಗಿ ಮರಳಿ ಊಟಕ್ಕೆ ಕೂರುವುದಕ್ಕಿಂತ ದೊಡ್ಡದು ನಮಗೆ ಬೇರೇನಿದೆ?