ಉರಿಯೂತದ ಕಿಣ್ವವನ್ನು ತಡೆಯುವ ಆಹಾರದ್ರವ್ಯಗಳು: ಚರಿತ್ರೆ
ಅರಾಕಿಡೋನಿಕ್ ಆಮ್ಲವನ್ನು ನೋವು ಬಾವುಗಳಿಗೆ ಕಾರಣವಾದ ಪ್ರೋಸ್ಟಾಗ್ಲಾಂಡಿನ್ನುಗಳ ಕಡೆಗೆ ತಿರುಗಿಸುವ ಸೈಕ್ಲೋಆಕ್ಸಿಜನೇಸ್ ಕಿಣ್ವವನ್ನು ಕುಗ್ಗಿಸತಕ್ಕ ಆಹಾರದ್ರವ್ಯಗಳಲ್ಲಿ ಶುಂಠಿ, ಅರಿಶಿನಗಳು ಪ್ರಸಿದ್ಧವಾದುವು.  ಶುಂಠಿಯ ಕಷಾಯವೂ ಅರಿಶಿನದ ಪಟ್ಟೂ ಹಳೆಯ ಮನೆಮದ್ದು. ಬಾವು ಇಳಿಯಿತೆಂಬ ಅನುಭವವನ್ನೂ ಕಿಣ್ವವು ತಡೆಯಲ್ಪಟ್ಟಿತೆಂಬ ಪ್ರಮಾಣವನ್ನೂ ಒಂದೇ ಎಂದೆಣಿಸಿದ ಬರಹಗಳು ಹೇರಳವಾಗಿರುವುದರಿಂದ ಇವೆರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯ.

ಕರ್ಕ್ಯುಮಿನ್ 1815ರಲ್ಲಿ ಅರಿಶಿನದಿಂದ ಬೇರ್ಪಟ್ಟಿತು. 1910ರಲ್ಲಿ ಅದರ ರಚನೆ ತಿಳಿಯಿತು. ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್ನುಗಳ ಉತ್ಪತ್ತಿಯನ್ನು ತಡೆಯುವುದೆಂದು ಜಾನ್ ವೇನ್ 1971ರಲ್ಲಿ ತೋರಿಸಿದ ಮೇಲೆಯೇ ಇಂಥ ದ್ರವ್ಯಗಳನ್ನು ಅಳೆಯಲು ಒಂದು ಒರೆಗಲ್ಲು ಒದಗಿದುದು. 1973ರಲ್ಲಿ ಲಖನೌದ ಶ್ರೀಮಲ್, ಧವನರು ಕರ್ಕ್ಯುಮಿನ್ನಿನ ಉರಿಯೂತಶಾಮಕ ಗುಣವನ್ನೂ, 1982ರಲ್ಲಿ ಜಪಾನೀಯರು ಶುಂಠಿಯ ಜಿಂಜೆರಾಲ್ ಮೊದಲಾದುವು ಪ್ರೋಸ್ಟಾಗ್ಲಾಂಡಿನ್ ಉತ್ಪತ್ತಿಯನ್ನು ತಡೆಯುವುದನ್ನೂ ಪ್ರಕಟಿಸಿದರು. ಉರಿಯೂತದಲ್ಲಿ ಹೆಚ್ಚುವ ಕಿಣ್ವದ ಎರಡನೆಯ ರೂಪ 1991ರಲ್ಲಿ ಬೆಳಕಿಗೆ ಬಂದಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಬೀನಾ ಜೋ, ಲೋಕೇಶ್ ಅವರು 1994ರಲ್ಲಿ ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕರ್ಕ್ಯುಮಿನ್, ಒಮೇಗಾ-3 ಮೇದಾಮ್ಲಗಳನ್ನು ಇಲಿಗಳಿಗೆ ಉಣಿಸಿ ಶೋಧಿಸಿದರಾದರೂ, ಅವರು ಅಳೆದುದು ಭಕ್ಷಕಕೋಶಗಳು ಹೊರಸೂಸುವ ಕ್ರಿಯಾಶೀಲ ಆಮ್ಲಜನಕವನ್ನೇ ಹೊರತು ಈ ಕಿಣ್ವವನ್ನಲ್ಲ.

ಕರ್ಕ್ಯುಮಿನ್ನಿನ ಬಗೆಗಿನ ಗೊಂದಲದ ಮೂಲವಿರುವುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಹೊರಬಂದ ಪ್ರಬಂಧದಲ್ಲಿಯಲ್ಲ, ಅದನ್ನು ಉದ್ಧರಿಸಿದವರಲ್ಲಿ. ಶೋಭಾ ಮತ್ತು ಸಂಗಡಿಗರು, ಇವರಲ್ಲಿ ಸಸ್ಯಸಾರೋದ್ಯಮಿ ಮುಹಮ್ಮದ್ ಮಜೀದರೂ ಒಬ್ಬರು, 2 ಗ್ರಾಂ ಕರ್ಕ್ಯುಮಿನ್ನನ್ನು ಮನುಷ್ಯರಿಗೆ ಕೊಟ್ಟಾಗ ಅದು ರಕ್ತದಲ್ಲಿ ಕಾಣಿಸದೆಯೇ ಹೋಯಿತು ಅಥವಾ ಅತ್ಯಲ್ಪವಾಗಿ ಕಾಣಿಸಿತು. ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಜೊತೆಗೂಡಿದಾಗ ಲಭ್ಯತೆ ಶೇಕಡ 2000ರಷ್ಟು ಏರಿತು. ಇಲಿಗಳಲ್ಲಿ ಏರಿಕೆ ಶೇಕಡ 154 ಮಾತ್ರ. ಪೈಪರಿನ್ ಬೆರೆತ ಕರ್ಕ್ಯುಮಿನ್ ಮಾತ್ರೆ ಮಾರುವವರು ಎತ್ತಿಕೊಂಡುದು ದೊಡ್ಡ ಸಂಖ್ಯೆಯನ್ನು. ಆ ಏರಿಕೆಯ ತಳವು ಶೂನ್ಯಕ್ಕೆ ಸಮೀಪವಾಗಿತ್ತೆಂಬುದನ್ನೂ, ಅಳೆದುದು ರಕ್ತದಲ್ಲಿನ ಪ್ರಮಾಣವನ್ನೇ ಹೊರತು ಕಿಣ್ವದ ತಡೆಯನ್ನಲ್ಲವೆಂಬುದನ್ನೂ ಬಿಟ್ಟುಬಿಟ್ಟರು.

1999ರ ಅಮೆರಿಕದ ಕೋಶಾಧ್ಯಯನವೊಂದು ಕರ್ಕ್ಯುಮಿನ್ ಎರಡನೆಯ ರೂಪದ ಕಿಣ್ವದ ಹುಟ್ಟನ್ನೂ ಕ್ರಿಯೆಯನ್ನೂ ಕುಗ್ಗಿಸುವುದೆಂದು ಹೇಳಿತು. ಗಾಜಿನ ತಟ್ಟೆಯ ಆ ಸಾಂದ್ರತೆಯನ್ನು ಊಟದ ಅರಿಶಿನ ಮುಟ್ಟಲಾರದು. 2017ರಲ್ಲಿ ನೆಲ್ಸನ್ ಮೊದಲಾದವರ ವಿಮರ್ಶೆಯು, ಕರ್ಕ್ಯುಮಿನ್ ಪರೀಕ್ಷಾವಿಧಾನಗಳನ್ನೇ ದಾರಿತಪ್ಪಿಸುವ ಅಸ್ಥಿರ ದ್ರವ್ಯವೆಂದು ನಿರ್ಣಯಿಸಿತು. ಪೈಪರಿನ್ ಕರ್ಕ್ಯುಮಿನ್ನನ್ನಲ್ಲದೆ ಫೆನಿಟೋಯಿನ್, ಪ್ರೊಪ್ರನೊಲಾಲ್ ಮುಂತಾದ ಔಷಧಗಳನ್ನೂ ರಕ್ತದಲ್ಲಿ ಹೆಚ್ಚಿಸುವುದರಿಂದ, ಅಂಥ ಔಷಧಗಳನ್ನು ಸೇವಿಸುವವರು ಈ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.