ವಾಹನ ಚಲಾಯಿಸುವಾಗ ಮೊಬೈಲ್: ಕಾನೂನು ಏನು ಹೇಳುತ್ತದೆ?

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೆಸೇಜ್ ಯಾರದೆಂದು ನೋಡಲು ನೀವು ಮೂರು ಸೆಕೆಂಡು ಕಣ್ಣು ಕೆಳಗಿಳಿಸಿದರೆ, ಸುಮಾರು 50 ಮೀಟರ್ ದೂರವನ್ನು ರಸ್ತೆ ನೋಡದೆಯೇ ದಾಟಿರುತ್ತೀರಿ. ಅಷ್ಟರಲ್ಲಿ ಒಂದು ಮಗು ರಸ್ತೆಗಿಳಿಯಬಹುದು.

ಯಾವ ಕಾನೂನು?

1988ರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. ಫೋನ್ ಕೈಯಲ್ಲಿ ಹಿಡಿದು ಬಳಸುವುದನ್ನು 2019ರ ತಿದ್ದುಪಡಿ ಇದರಲ್ಲಿ ಸ್ಪಷ್ಟವಾಗಿ ಸೇರಿಸಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಈ ತಿದ್ದುಪಡಿ ಜಾರಿಗೆ ಬಂತು. ಕಾರಿಗೂ ಸ್ಕೂಟರಿಗೂ ಇದು ಒಂದೇ.

ಶಿಕ್ಷೆ ಎಷ್ಟು?

• ಮೊದಲ ಸಲ: 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
• ಮೂರು ವರ್ಷದೊಳಗೆ ಮತ್ತೆ ತಪ್ಪು ಮಾಡಿದರೆ: 2 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

ಕೋರ್ಟಿಗೆ ಹೋಗದೆ ಚಲನ್‌ನಲ್ಲಿ ಕಟ್ಟುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಹಾಗಾಗಿ ಪುಣೆಯಲ್ಲಿ ಕಟ್ಟುವ ಮೊತ್ತವೇ ಚೆನ್ನೈ ಅಥವಾ ಹೈದರಾಬಾದಿನಲ್ಲೂ ಇರಬೇಕೆಂದಿಲ್ಲ. ಪೊಲೀಸರು ನಿಮ್ಮ ಲೈಸೆನ್ಸ್ ವಶಪಡಿಸಿಕೊಂಡು, ಅದನ್ನು ಅಮಾನತು ಮಾಡುವಂತೆ ಆರ್‌ಟಿಒಗೆ ಕಳುಹಿಸಲೂಬಹುದು.

ಮ್ಯಾಪ್ ನೋಡಬಹುದೇ?

ನೋಡಬಹುದು. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮದಂತೆ, ದಾರಿ ತಿಳಿಯಲು ಮಾತ್ರ ಫೋನ್ ಬಳಸಬಹುದು. ಅದೂ ಚಾಲಕರ ಗಮನ ಕೆಡದಂತೆ. ಓಡಿಸುತ್ತಲೇ ವಿಳಾಸ ಟೈಪ್ ಮಾಡಲು ಇದು ಅನುಮತಿಯಲ್ಲ.

ಬ್ಲೂಟೂತ್ ಇದ್ದರೆ ಸುರಕ್ಷಿತವೇ?

ಇಲ್ಲ. 184ನೇ ಸೆಕ್ಷನ್ ಹೆಸರಿಸುವುದು ಕೈಯಲ್ಲಿ ಹಿಡಿದ ಸಾಧನವನ್ನು. ಆದರೆ ಮಾತಿನಲ್ಲಿ ಮುಳುಗಿದ ಮನಸ್ಸು, ಕಣ್ಣೆದುರು ಇರುವುದನ್ನೂ ಗಮನಿಸದೇ ಹೋಗಬಹುದು. ಚಾಲನೆ ವೇಳೆ ಫೋನ್ ಬಳಸುವವರಿಗೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹ್ಯಾಂಡ್ಸ್‌ಫ್ರೀ ಬಳಸಿದರೂ ಅಪಾಯ ಅಷ್ಟೇನೂ ತಗ್ಗುವುದಿಲ್ಲ ಎಂದೂ ಅದು ಎಚ್ಚರಿಸುತ್ತದೆ. ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡು ಮಾತಾಡುವವರಿಗೂ ಈ ಮಾತು ಅನ್ವಯಿಸುತ್ತದೆ.

ನೀವು ಏನು ಮಾಡಬಹುದು?

• ಹೊರಡುವ ಮೊದಲೇ ದಾರಿ ಸೆಟ್ ಮಾಡಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ.
• ಮೆಸೇಜ್ ಸದ್ದು ನಿಲ್ಲಿಸಿ. ಕಾರಿನಲ್ಲಿ ಜೊತೆಗಿದ್ದವರು ಕರೆ ತೆಗೆದುಕೊಳ್ಳಲಿ.
• ತುರ್ತು ಕರೆಯಾದರೆ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಮಾತಾಡಿ.

ಕರೆ ಮಾಡುವವರಿಗೂ ಜವಾಬ್ದಾರಿಯಿದೆ. ಆ ಕಡೆಯಿಂದ ಹಾರ್ನ್ ಸದ್ದು ಕೇಳಿಸಿದರೆ, "ಗಾಡಿ ಓಡಿಸ್ತಾ ಇದ್ದೀರಾ? ಆಮೇಲೆ ಮಾತಾಡೋಣ" ಎಂದು ನೀವೇ ಮೊದಲು ಫೋನ್ ಇಡಿ.