ಹತ್ತೊಂಬತ್ತು ಹೆಸರಿನ ಹಾಜರಿ ಪುಸ್ತಕ

ವಿಜಯಪುರ ಜಿಲ್ಲೆಯ ಲಚ್ಯಾಣದ ನಿಲ್ದಾಣದಿಂದ ಉತ್ತರಕ್ಕೆ ಹೊರಟ ಗಾಡಿ ಭೀಮಾ ನದಿ ದಾಟಿ ಹೋಟಗಿ ಸೇರುತ್ತದೆ. ಅಲ್ಲಿಂದ ಸೊಲ್ಲಾಪುರ ಕೂಗಳತೆ. 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಹಾದಿ ತೆರೆದಾಗ 1876–78ರ ಭೀಕರ ಬರವನ್ನು ಜನ ಮರೆತಿರಲಿಲ್ಲ. ಮತ್ತೆ ಬರ ಬಂದರೆ ಕಾಳುಕಡಿ ತರಲಿ ಎಂಬ ಲೆಕ್ಕದಲ್ಲಿ ಹಾಕಿದ ಹಳಿಯೇ ಮುಂದೆ ಭೀಮಾ ತೀರದ ಕೂಲಿಕಾರರನ್ನು ಗಿರಣಿಗೆ ಒಯ್ಯುವ ದಾರಿಯೂ ಆಯಿತು.

ಅಲ್ಲಿಯವರೆಗೆ ಇಂಡಿ, ಸಿಂದಗಿ ಸೀಮೆಯಲ್ಲಿ ಆಳು ಇಡುವುದಕ್ಕೆ ಸರ್ಕಾರದ ಕಾಗದ ಬೇಕಿರಲಿಲ್ಲ. ಯುಗಾದಿ ಪಾಡ್ಯಕ್ಕೆ ಸೇರಿದವನು ಮುಂದಿನ ಪಾಡ್ಯದವರೆಗೆ ಸಾವುಕಾರನ ಆಳು. ವರ್ಷಕ್ಕಿಷ್ಟು ಜೋಳ, ಒಂದು ಕಂಬಳಿ, ಒಂದು ಜೊತೆ ಕಾಲ್ಮರಿ, ಒಂದಿಷ್ಟು ರೊಕ್ಕ. ಮದುವೆಗೋ ಔಷಧಕ್ಕೋ ಮುಂಗಡ ತೆಗೆದುಕೊಂಡಿದ್ದರೆ ವರ್ಷ ಮುಗಿದರೂ ಬಾಕಿ ಮುಗಿಯುತ್ತಿರಲಿಲ್ಲ. ಲೆಕ್ಕ ಬರೆಯುವವನು ಸಾವುಕಾರ, ಹೆಬ್ಬೆಟ್ಟು ಒತ್ತುವವನು ಆಳು. ಈ ಜೀತವನ್ನು ಕಾಯ್ದೆ ಕೈಯಿಟ್ಟು ತಡೆದದ್ದು 1975ರ ಅಕ್ಟೋಬರ್‌ನಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ, 1976ರಲ್ಲಿ ಅಧಿನಿಯಮವಾಗಿ. ಗಿರಣಿಯ ಕಾಯ್ದೆ ಬಂದು ಅಷ್ಟೊತ್ತಿಗೆ ತೊಂಬತ್ತು ವರ್ಷ ಮೀರಿತ್ತು.

ಸೊಲ್ಲಾಪುರದ ‘ಹಳೆ ಗಿರಣಿ’, ಅಂದರೆ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ, ಹುಟ್ಟಿದ್ದು 1874ರಲ್ಲಿ. ದೇಶದ ಮೊದಲ ಫ್ಯಾಕ್ಟರಿ ಕಾಯ್ದೆ 1881ರದು. ಏಳು ವರ್ಷ ತುಂಬದ ಮಕ್ಕಳನ್ನು ದುಡಿಸಕೂಡದು, ಏಳರಿಂದ ಹನ್ನೆರಡರೊಳಗಿನವರಿಗೆ ದಿನಕ್ಕೆ 9 ತಾಸು ಎಂದು ಅದು ಹೇಳಿತು. ದೊಡ್ಡವರ ತಾಸಿಗೆ ಮಿತಿಯೇ ಇರಲಿಲ್ಲ. ಈ ಕನಿಕರದ ಹಿಂದೆ ಲ್ಯಾಂಕಷೈರ್‌ನ ಬಟ್ಟೆ ಮಾಲಕರ ಹೊಟ್ಟೆಕಿಚ್ಚೂ ಇತ್ತು: ಹಿಂದೂಸ್ತಾನದ ಗಿರಣಿ ಅಗ್ಗದಲ್ಲಿ ನೂಲು ತೆಗೆಯುವುದು ಅವರಿಗೆ ಸಹಿಸುತ್ತಿರಲಿಲ್ಲ.

ಆ ಕಾಯ್ದೆ ಅನ್ವಯಿಸಿದ್ದು ನೂರು ಅಥವಾ ಹೆಚ್ಚು ಜನ ದುಡಿಯುವಲ್ಲಿಗೆ ಮಾತ್ರ. ಮಾಲಕರು ಕಲಿತ ಮೊದಲ ಪಾಠವೂ ಅದೇ, ತಲೆ ಎಣಿಸುವುದು. 1891ರಲ್ಲಿ ಗೆರೆ ಐವತ್ತಕ್ಕೆ ಇಳಿಯಿತು, 1922ರಲ್ಲಿ ಇಪ್ಪತ್ತಕ್ಕೆ. 1948ರ ಫ್ಯಾಕ್ಟರಿ ಕಾಯ್ದೆ ವಿದ್ಯುತ್ ಇದ್ದಲ್ಲಿ ಹತ್ತು, ಇಲ್ಲದಲ್ಲಿ ಇಪ್ಪತ್ತು ಎಂದಿತು. 1952ರ ಭವಿಷ್ಯನಿಧಿ ಐವತ್ತರಿಂದ ಶುರುವಾಗಿ 1960ರ ಕೊನೆಗೆ ಇಪ್ಪತ್ತಕ್ಕೆ ಬಂತು. ಗೆರೆ ಇಪ್ಪತ್ತಾದರೆ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತೇ ಹೆಸರು. ಒಂದೇ ಸೂರಿನ ಕೆಲಸವನ್ನು ಹೆಂಡತಿ, ತಮ್ಮ, ಮಗನ ಹೆಸರಿಗೆ ಹಂಚಿದರೆ ಮೂರು ಪುಟ್ಟ ಅಂಗಡಿ. ಸರ್ಕಾರಕ್ಕೂ ಈ ಆಟ ಗೊತ್ತಿತ್ತು. ಗೆರೆ ಇಳಿಸಿದ 1960ರ ತಿದ್ದುಪಡಿಯೇ ಭವಿಷ್ಯನಿಧಿ ಕಾಯ್ದೆಗೆ 2ಎ ಕಲಂ ಸೇರಿಸಿ, ಶಾಖೆ–ವಿಭಾಗ ಎಷ್ಟೇ ಇರಲಿ ಎಲ್ಲ ಕೂಡಿ ಒಂದೇ ಸಂಸ್ಥೆ ಎಂದು ಬರೆಯಿತು.

ಕಾಯ್ದೆ ಯಾವಾಗಲೂ ಕೂಲಿಕಾರನ ಪಕ್ಷ ಹಿಡಿದಿತ್ತು ಎಂದು ತಿಳಿಯುವುದು ತಪ್ಪು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹೊತ್ತ ಸಮುದಾಯಗಳನ್ನು ವಿಜಯಪುರ, ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಲಾಯಿತು. ಹಾಜರಿ ಅಲ್ಲೂ ಇತ್ತು, ಹೊರಗೆ ಹೋಗಲು ಪಾಸು ಬೇಕಿತ್ತು. ಅಲ್ಲಿನ ಜನ ಹತ್ತಿ ಗಿರಣಿಗಳಿಗೆ ದುಡಿಯಲು ಹೋದರು. ಬಿಟ್ಟುಹೋಗಲಾರದ ಆಳು ಮಾಲಕನಿಗೆ ಎಷ್ಟು ಅನುಕೂಲವೆಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆಲ್ಲ ಆಧಾರವಾಗಿದ್ದ ಅಪರಾಧಿ ಬುಡಕಟ್ಟು ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು.

ಇನ್ನು ಹಳೆ ಗಿರಣಿಯ ಕಷ್ಟದ ದಿನಗಳು. 1949ರ ಆಗಸ್ಟ್‌ನಲ್ಲಿ ಆಡಳಿತ ಕೆಟ್ಟು ಗಿರಣಿ ಬಾಗಿಲು ಹಾಕಿತು. ಸಾವಿರಾರು ಮನೆಗಳ ಪಗಾರ ಒಮ್ಮೆಲೇ ನಿಂತಿತು. 1950ರ ಜನವರಿ 9ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಸಂವಿಧಾನ ಜಾರಿಗೆ ಬರಲು ಇನ್ನೂ ಎರಡು ವಾರ ಬಾಕಿಯಿತ್ತು. ಚಿರಂಜಿತ್ ಲಾಲ್ ಚೌಧುರಿ ಎಂಬ ಷೇರುದಾರರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋತರು. ದ್ವಾರಕಾದಾಸ್ ಶ್ರೀನಿವಾಸ್ ಎಂಬ ಇನ್ನೊಬ್ಬ ಷೇರುದಾರರು 1953ರ ಡಿಸೆಂಬರ್‌ನಲ್ಲಿ ಗೆದ್ದರು: ಪರಿಹಾರ ಕೊಡದೆ ಗಿರಣಿ ಹಿಡಿದದ್ದು ತಪ್ಪು ಎಂದಿತು ನ್ಯಾಯಾಲಯ. 1955ರ ನಾಲ್ಕನೆಯ ಸಂವಿಧಾನ ತಿದ್ದುಪಡಿ ಇಂಥ ತಾತ್ಕಾಲಿಕ ಸ್ವಾಧೀನಕ್ಕೆ ರಕ್ಷಣೆ ಕೊಟ್ಟಿತು. ಭೀಮಾ ಆಚೆಯ ಒಂದು ಗಿರಣಿಯ ಬೀಗ ಸಂವಿಧಾನದವರೆಗೆ ಹೋಗಿ ಮುಟ್ಟಿತು! 1953ರ ಅಕ್ಟೋಬರ್ 24ರಿಂದ ಲೇ-ಆಫ್ ಮತ್ತು ಕೆಲಸಗಡಿತಕ್ಕೆ ಪರಿಹಾರ ಕೊಡುವ ನಿಯಮವೂ ಜಾರಿಯಾಯಿತು. ಅಲ್ಲಿಂದ ಮುಂದೆ ಆಳನ್ನು ಕೆಲಸದಿಂದ ಕಳಿಸುವುದೂ ಖರ್ಚಿನ ಬಾಬತ್ತೇ.

1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ವಿಜಯಪುರ ಜಿಲ್ಲೆ ಮೈಸೂರಿಗೆ ಬಂತು, ಸೊಲ್ಲಾಪುರ ಆಚೆ ಉಳಿಯಿತು. ಆದರೂ ಇಂಡಿಯ ಪೇಟೆಗೆ ಮುಂಬೈ ಪ್ರಾಂತದ 1948ರ ಅಂಗಡಿ ಕಾಯ್ದೆಯೇ ಇನ್ನೂ ಕೆಲವು ವರ್ಷ ನಡೆಯಿತು. ಮೈಸೂರಿನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದಾದರೂ ಜಾರಿಗೆ ಬಂದದ್ದು 1964ರ ಅಕ್ಟೋಬರ್ 1ರಂದು. ದಿನಕ್ಕೆ 9 ತಾಸು, ವಾರಕ್ಕೆ 48, ವಾರಕ್ಕೊಂದು ರಜೆ, ಹೆಚ್ಚಿನ ತಾಸಿಗೆ ಎರಡು ಪಟ್ಟು ಪಗಾರ. ಒಬ್ಬನೇ ಆಳಿದ್ದರೂ ತಾಸು, ರಜೆಗಳು ಅನ್ವಯಿಸುತ್ತಿದ್ದ ಈ ಕಾಯ್ದೆ ಮೊದಲು ಪಟ್ಟಣಗಳದ್ದಾಗಿತ್ತು. ಉಳಿದ ಊರುಗಳಿಗೆ ಸರ್ಕಾರ ಅಧಿಸೂಚನೆ ಹೊರಡಿಸಿದಂತೆ ಹಬ್ಬಬೇಕಿತ್ತು.

ಬೀಡಿಯ ಕಥೆ ಇನ್ನೂ ಚುರುಕು. ಫ್ಯಾಕ್ಟರಿ ಕಾಯ್ದೆ ಬಿಗಿಯಾದಂತೆ ಎಲೆ–ತಂಬಾಕು ಹೆಂಗಸರ ಮೊರಕ್ಕೆ, ಅವರ ಮನೆಯ ಪಡಸಾಲೆಗೆ ಹೋಯಿತು. ಮನೆಯಲ್ಲಿ ಕಟ್ಟಿದರೆ ಮಾಲಕನಿಗೆ ಗೋಡೆಯೂ ಇಲ್ಲ, ಹಾಜರಿಯೂ ಇಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂದಿತು. ಕರ್ನಾಟಕದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಅದನ್ನು ಪ್ರಶ್ನಿಸಿತು. ಕಾಯ್ದೆ ಸರಿಯಿದೆ ಎಂದು ಸುಪ್ರೀಂ ಕೋರ್ಟ್ 1974ರ ಜನವರಿಯಲ್ಲಿ ತೀರ್ಪು ಕೊಟ್ಟಿತು.

ಗೋಡೆಯಿಲ್ಲದ ಮತ್ತೊಂದು ಕೆಲಸ ಕಬ್ಬಿನ ಕಟಾವು. ಈಗ ಮರಗೂರಿನ ಭೀಮಾಶಂಕರ ಸಹಕಾರಿ ಕಾರ್ಖಾನೆಯೂ ಸೇರಿ ಭೀಮಾ ತೀರ ಸಕ್ಕರೆಯ ಸೀಮೆ. ಒಳಗೆ ದುಡಿಯುವವರಿಗೆ ಭವಿಷ್ಯನಿಧಿ, ಉಪದಾನ, ರಜೆ ಎಲ್ಲಕ್ಕೂ ಕಲಂ ಉಂಟು. ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಲೆಕ್ಕ ಸಾಮಾನ್ಯವಾಗಿ ಕೂಲಿಕಾರರನ್ನು ಕರೆತರುವ ಮುಕಾದಮನ ಕಿಸೆಯಲ್ಲಿ, ಮುಂಗಡ ಕೊಟ್ಟು ಹಂಗಾಮು ಮುಗಿಯುವವರೆಗೆ ಹಿಡಿದಿಡುವ ಹಳೆಯ ಪದ್ಧತಿಯಲ್ಲಿ. ಗುಳೆ ಹೋಗುವವರಿಗೆಂದೇ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದೇ ತಲೆಗಳಿಂದ ಎಣಿಕೆ ಶುರುಮಾಡಿತು. ಗೆರೆ ಅಷ್ಟು ಕೆಳಗಿದ್ದರೂ ಎಣಿಸುವವರು ಹೊಲಕ್ಕೆ ಬಂದದ್ದು ಅಪರೂಪ. ನೂರು ವರ್ಷ ಗೋಡೆ, ಭೋಂಗಾ, ಹಾಜರಿ ನೋಡಿ ನಡೆದ ಕಾಯ್ದೆಗೆ ಬಯಲಲ್ಲಿ ಕಣ್ಣು ಕಾಣಲಿಲ್ಲ ಎನ್ನಬೇಕು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಎಣಿಕೆ ಮತ್ತೆ ಮೇಲೇರಿದೆ. ಫ್ಯಾಕ್ಟರಿ ಎನಿಸಿಕೊಳ್ಳಲು ವಿದ್ಯುತ್ ಇದ್ದರೆ ಇಪ್ಪತ್ತು, ಇಲ್ಲದಿದ್ದರೆ ನಲವತ್ತು. ಗುತ್ತಿಗೆ ಕಾರ್ಮಿಕರಿಗೆ ಐವತ್ತು. ಮುಚ್ಚಲು ಸರ್ಕಾರದ ಅನುಮತಿ ಬೇಕಾಗುವುದು ಮುನ್ನೂರಕ್ಕೆ. ಸಣ್ಣ ಮಾಲಕರು ಇದನ್ನೇ ನೆಚ್ಚಿ ನಿರಾಳರಾಗುವ ಹಾಗಿಲ್ಲ. ವೇತನ ಸಂಹಿತೆಯ ಕನಿಷ್ಠ ವೇತನಕ್ಕೆ ತಲೆ ಎಣಿಕೆಯೇ ಇಲ್ಲ. ಹಿಂದಿನಂತೆ ಅನುಸೂಚಿಯಲ್ಲಿ ಹೆಸರಿರುವ ಉದ್ಯೋಗವೇ ಆಗಬೇಕೆಂದೂ ಇಲ್ಲ. ತಿಂಗಳ ಪಗಾರ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಕೈಸೇರಬೇಕು, ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ಬಾಕಿ ಕೇಳಲು ಆಳಿಗೆ ಮೂರು ವರ್ಷ ಅವಕಾಶವಿದೆ, ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಹೊಣೆ ಮಾಲಕನದು. ಹಾಗಾಗಿ ಒಬ್ಬನೇ ಆಳಿರಲಿ, ಅವನ ಹೆಸರಿನ ಪುಸ್ತಕ ಇಡಿ, ಪಗಾರದ ಚೀಟಿ ಕೊಡಿ.